ಅಮ್ಮನನ್ನು ಎಲ್ಲಿ ಕೂರಿಸಲಿ?

‘ಎಂಪಿವಿ ಎಂದರೆ ಟ್ಯಾಕ್ಸಿ, ಚಿಕ್ಕ ಸಂಸಾರಕ್ಕೆ ಎಸ್‌ಯುವಿಯೇ ಸರಿ’ ಎಂದು ಕಳೆದ ಸಂಚಿಕೆಯಲ್ಲಿ ಬರೆದವರು, ಕೂಸನ್ನು ಹಿಮ್ಮುಖವಾಗಿ ಕೂರಿಸುವ ಸೀಟನ್ನು ಒಮ್ಮೆಯಾದರೂ ಕಟ್ಟಿ ನೋಡಿದ್ದಾರೆಯೇ?

ನಾನು ಕಟ್ಟಿದ್ದೇನೆ. ನಮ್ಮ ಐದು ಸೀಟಿನ ಎಸ್‌ಯುವಿಯಲ್ಲಿ ಅದು ಹಿಡಿಯಬೇಕಾದರೆ ಮುಂದಿನ ಸೀಟನ್ನು ಎಷ್ಟು ಎಳೆಯಬೇಕಾಯಿತೆಂದರೆ, ಹೆಂಡತಿಯ ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತುತ್ತಿತ್ತು. ಹಿಂದೆ ಅಮ್ಮ ಬಾಗಿಲಿಗೆ ಆತುಕೊಂಡು, ಡಯಾಪರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಶಿರಸಿ ತಲುಪಿದಳು.

ಎಂಪಿವಿಯಾದ ಎರ್ಟಿಗಾದಲ್ಲಿ ಎರಡನೇ ಸಾಲನ್ನೇ ಹಿಂದಕ್ಕೆ ಸರಿಸಬಹುದು. ಮೂರನೇ ಸಾಲು ಮಡಚಿದರೆ 550 ಲೀಟರ್ ಜಾಗ. ಎಸ್‌ಯುವಿ ಕ್ರೆಟಾದ ಡಿಕ್ಕಿ 433. ಎರ್ಟಿಗಾದಲ್ಲಿ ಏಳೂ ಜನ ಕೂತರೆ ಉಳಿಯುವುದು 209 ಮಾತ್ರ. ಅದು ಕೊರತೆಯೇ, ಒಪ್ಪುತ್ತೇನೆ.

ಘಾಟಿಗೆ ಎಸ್‌ಯುವಿಯೇ ಬೇಕಂತೆ. ಬಿಡದಿಯಲ್ಲಿ ತಯಾರಾಗುವ ಇನೋವಾ ಎಂಪಿವಿಗಳು 2005ರಿಂದ ಆಗುಂಬೆ, ಚಾರ್ಮಾಡಿ ಹತ್ತಿಳಿಯುತ್ತಿಲ್ಲವೇ? ‘ಟ್ಯಾಕ್ಸಿ’ ಎಂಬ ಮಾತನ್ನು ಬೈಗುಳದಂತೆ ಬಳಸಬೇಡಿ. ದಿನವಿಡೀ ಜನರನ್ನು ಹೊತ್ತು ಬದುಕುವವರಿಗೆ ಜಾಗದ ಬೆಲೆ ನಮಗಿಂತ ಚೆನ್ನಾಗಿ ಗೊತ್ತು.

ಮುಂದಿನ ತಿಂಗಳು ನಮಗೆ ಎರಡನೇ ಮಗು. ಎರಡು ಸೀಟು ಕಟ್ಟಿದ ಮೇಲೆ ಅಮ್ಮ ಎಲ್ಲಿ ಕೂರಬೇಕು? ಲೇಖಕರೇ ಹೇಳಲಿ.