ಕುಡಿಯುವವನ ಮನೆಯಾಕೆಗೆ ಆಸರೆ ಯಾರು?



ಮದ್ಯದ ಮಾತು ಬಂದರೆ ಸಪ್ತವ್ಯಸನಗಳಲ್ಲಿ ಅದೊಂದು, ನಮಗೆ ಸಂಬಂಧವಿಲ್ಲ ಎಂದು ಪುಟ ತಿರುಗಿಸುತ್ತೇವೆ. ಆದರೆ ನಮ್ಮ ಅಂಗಡಿಯ ಹಮಾಲಿ, ಲಾರಿ ಡ್ರೈವರು, ಮನೆಗೆಲಸಕ್ಕೆ ಬರುವಾಕೆ, ಇವರ ಮನೆಗಳಲ್ಲಿ ಆ ಸಂಕಟವಿದೆ. ಮರ್ಯಾದೆಗೆ ಅಂಜಿ ಬಾಗಿಲು ಮುಚ್ಚಿಕೊಂಡ ನಮ್ಮವರ ಕೆಲವು ಮನೆಗಳಲ್ಲೂ ಇದೆ. ಈ ತಿಂಗಳು ಕುಡಿಯುವವನನ್ನು ಬಿಟ್ಟು ಅವನ ಹೆಂಡತಿಯ ವಿಚಾರ ಮಾತಾಡೋಣ.

ಈ ವಿಷಯದಲ್ಲಿ ಸೇಲಂ ಜಿಲ್ಲೆಗೆ ದೊಡ್ಡ ಚರಿತ್ರೆಯಿದೆ. ಮದ್ರಾಸ್ ಪ್ರಾಂತ್ಯದಲ್ಲಿ ಪಾನನಿರೋಧ ಮೊದಲು ಜಾರಿಗೆ ಬಂದದ್ದು ಇಲ್ಲೇ, 1937ರ ಅಕ್ಟೋಬರ್ 1ರಂದು. ತಂದವರು ಆಗ ಪ್ರಾಂತ್ಯದ ಪ್ರಧಾನಿಯಾಗಿದ್ದ ರಾಜಾಜಿ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಸೇಲಂನಲ್ಲಿ ವಕೀಲಿ ಮಾಡಿ, ಅಲ್ಲಿನ ಪುರಸಭೆಯ ಅಧ್ಯಕ್ಷರೂ ಆಗಿದ್ದವರು. ಆಗ ಧರ್ಮಪುರಿಯೂ ಸೇಲಂ ಜಿಲ್ಲೆಯೊಳಗೇ ಇತ್ತು, ಬೇರೆಯಾದದ್ದು 1965ರಲ್ಲಿ. ಹೆಂಡದ ಆದಾಯ ನಿಂತ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂತು. ಆ ಹೆಂಗಸರ ನೆಮ್ಮದಿಗೆ ವ್ಯಾಪಾರಿಯ ಗಲ್ಲಾದಿಂದಲೂ ಒಂದು ಪಾಲು ಹೋಗಿತ್ತು ಎನ್ನಬಹುದು.

ಆದರೆ ಕಾನೂನು ನಿಲ್ಲಲಿಲ್ಲ. 1971ರಲ್ಲಿ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. 2003ರಿಂದ ಸರ್ಕಾರದ ಟಾಸ್ಮಾಕ್ ಸಂಸ್ಥೆಯೇ ಮದ್ಯದಂಗಡಿ ನಡೆಸುತ್ತಿದೆ. ಕಾನೂನಿನ ದಾರಿ ಕಾಯುತ್ತಾ ಕುಳಿತರೆ ಇವತ್ತು ರಾತ್ರಿ ಆಕೆಗೆ ಯಾರು ದಿಕ್ಕು?

ಇಂಗ್ಲೆಂಡಿನ ಮನಃಶಾಸ್ತ್ರಜ್ಞ ಜಿಮ್ ಆರ್ಫರ್ಡ್ ಮತ್ತು ಸಂಗಡಿಗರು ತಮ್ಮ ದೇಶದಲ್ಲೂ ಮೆಕ್ಸಿಕೊ, ಆಸ್ಟ್ರೇಲಿಯಾಗಳಲ್ಲೂ ಇಂಥ ಕುಟುಂಬದವರನ್ನು ಮಾತಾಡಿಸಿದರು. ಮನೆಯವರು ಹಿಡಿಯುವ ದಾರಿ ಮೂರು ಎಂದರು: ಸಹಿಸುವುದು, ಎದುರು ನಿಲ್ಲುವುದು, ದೂರ ಸರಿದು ತನ್ನ ಬದುಕು ನೋಡಿಕೊಳ್ಳುವುದು. ನಮ್ಮ ಹೆಂಗಸರಲ್ಲೂ ಇದನ್ನೇ ಕಾಣುತ್ತೇವೆ. ಸೋಮವಾರ ಅವನ ಸಾಲ ತೀರಿಸುತ್ತಾಳೆ, ಬುಧವಾರ ಬಾಟಲಿ ಒಡೆಯುತ್ತಾಳೆ, ಶನಿವಾರ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗುತ್ತಾಳೆ. ಅದನ್ನು ಚಂಚಲ ಬುದ್ಧಿ ಎನ್ನಬೇಡಿ. ಯಾವ ದಾರಿಯೂ ಸುಲಭವಲ್ಲ, ಯಾವುದಕ್ಕೂ ಬೆನ್ನಿಗೊಬ್ಬರು ಬೇಕು.

ನಾವೋ, ಮಗ ಕುಡಿದರೆ ಸೊಸೆಯ ಕಾಲ್ಗುಣ ಎನ್ನುತ್ತೇವೆ. ತವರಿಗೆ ಬಂದರೆ "ಹೊಂದಿಕೊಂಡು ಹೋಗಮ್ಮ" ಎಂದು ಬಸ್ಸು ಹತ್ತಿಸುತ್ತೇವೆ. ಈ ಎರಡು ಮಾತನ್ನು ಬಿಟ್ಟರೆ ಅರ್ಧ ಭಾರ ಇಳಿಯುತ್ತದೆ. ಕುಡಿಸಿದವಳು ಆಕೆಯಲ್ಲ.

ಆಸರೆ ಹೇಗಿರಬೇಕೆಂಬುದಕ್ಕೂ ಇಲ್ಲೇ ಉದಾಹರಣೆಯಿದೆ. 1989ರಲ್ಲಿ ತಮಿಳುನಾಡಿನ ಮಹಿಳಾ ಸ್ವಸಹಾಯ ಸಂಘಗಳ ಯೋಜನೆ ಮೊದಲು ಶುರುವಾದದ್ದು ಧರ್ಮಪುರಿಯಲ್ಲಿ. ಆಮೇಲೆ ಸೇಲಂಗೂ ಬಂತು. ಕುಡಿತ ಬಿಡಿಸಲೆಂದು ಹುಟ್ಟಿದ ಸಂಘಗಳಲ್ಲ ಅವು. ಆದರೂ ಕಷ್ಟ ಹೇಳಿಕೊಳ್ಳಲು ನಾಲ್ಕು ಜನ, ತನ್ನ ಹೆಸರಿನಲ್ಲೊಂದು ಉಳಿತಾಯದ ಪುಸ್ತಕ, ಇಷ್ಟಿದ್ದರೆ ಹೆಣ್ಣುಮಗಳಿಗೆ ಎಷ್ಟೋ ಧೈರ್ಯ. ಚೆನ್ನೈನಲ್ಲಿ ಶಾಂತಿ ರಂಗನಾಥನ್ ಅವರು ಕುಡಿತದಿಂದ ಪತಿಯನ್ನು ಕಳೆದುಕೊಂಡ ಮೇಲೆ 1980ರಲ್ಲಿ ಚಿಕಿತ್ಸಾ ಕೇಂದ್ರವನ್ನೇ ತೆರೆದರು. ಅಲ್ಲಿ ರೋಗಿಯ ಜೊತೆ ಮನೆಯವರಿಗೂ ತಿಳಿವಳಿಕೆ ಕೊಡುತ್ತಾರೆ.

ತಾಯಂದಿರು ಎರಡು ಸಂಗತಿ ನೆನಪಿಡಬೇಕು. ಗಂಡನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿರೆಂದು ಮಾರುವ ಪುಡಿ, ಮಾತ್ರೆಗಳನ್ನು ಮುಟ್ಟಬೇಡಿ. ಡೈಸಲ್ಫಿರಾಂ ಎಂಬ ಮಾತ್ರೆಯ ಮೇಲೆ ಮದ್ಯ ಬಿದ್ದರೆ ಪ್ರಾಣಕ್ಕೇ ಅಪಾಯ. ಅವನಿಗೆ ತಿಳಿಸಿ ಡಾಕ್ಟರು ಕೊಡಬೇಕಾದ ಔಷಧಿ ಅದು. ಇನ್ನೊಂದು, ವರ್ಷಗಟ್ಟಲೆ ವಿಪರೀತ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ನಿಲ್ಲಿಸಬಾರದು. ಎರಡು ಮೂರು ದಿನದಲ್ಲಿ ಕೈನಡುಕ, ಫಿಟ್ಸು, ಬುದ್ಧಿಭ್ರಮೆ ಬರಬಹುದು. ಸೇಲಂ, ಧರ್ಮಪುರಿಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಹೊಸೂರಿನವರಿಗೆ ಬೆಂಗಳೂರಿನ ನಿಮ್ಹಾನ್ಸ್ ದೂರವಲ್ಲ. ವ್ಯಸನಮುಕ್ತಿಯ ಸಲಹೆಗೆ 14446, ಹೊಡೆತ ಬಡಿತವಿದ್ದರೆ ಮಹಿಳೆಯರ ಸಹಾಯಕ್ಕೆ 181.

ವ್ಯಾಪಾರಿ ಬಂಧುಗಳಿಗೆ ನನ್ನ ವಿನಂತಿ. ಶನಿವಾರ ಸಂಜೆ ಬಟವಾಡೆ ಮಾಡಿದರೆ ಹಣ ಹೋಗುವ ದಾರಿ ಎಲ್ಲರಿಗೂ ಗೊತ್ತು. ವಾರದ ನಡುವೆ, ಬೆಳಿಗ್ಗೆ ಕೊಡಿ. ಕೆಲಸದವನ ಒಪ್ಪಿಗೆ ಪಡೆದು ಒಂದು ಪಾಲನ್ನು ಹೆಂಡತಿಯ ಖಾತೆಗೆ ಹಾಕಿ. ಅವನು ಕುಡಿತಕ್ಕೆ ಮಾಡಿದ ಕೈಸಾಲವನ್ನು ಆಕೆಯ ಬಾಗಿಲಿಗೆ ಹೋಗಿ ಕೇಳಬೇಡಿ. ನಿಮ್ಮ ಬಂಧುಗಳಲ್ಲೇ ಅಂಥ ಮನೆಯಿದ್ದರೆ, ಉಪದೇಶ ಹಿಡಿದುಕೊಂಡು ಹೋಗಬೇಡಿ. ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ, ಆಕೆ ಹೇಳುವುದನ್ನು ಕೇಳಿ, ಕೇಳಿದ್ದನ್ನು ಊರೆಲ್ಲ ಹರಡದಿರಿ. ರಾತ್ರಿ ಯಾವ ಹೊತ್ತಿನಲ್ಲಿ ಬಂದರೂ ನಮ್ಮ ಬಾಗಿಲು ತೆರೆದಿದೆ ಎಂದು ಹೇಳಿ ಬನ್ನಿ.