ಆನೆ ಸೋವಿ, ಮೇವು ತುಟ್ಟಿ

ತಡಸ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರಿಗೆ ಬಾನೆಟ್ ಎತ್ತಿ ನಿಂತ ಗಾಡಿ ಹೊಸದಲ್ಲ. ಆದರೆ ಮೂತಿಯ ಮೇಲೆ ಮೂರು ಕಡ್ಡಿಯ ನಕ್ಷತ್ರ ಹೊತ್ತ ಬೆಂಜ್ ಕಾರು ಹಾಗೆ ಹಬೆಯಾಡುತ್ತ ನಿಂತರೆ ಮಂದಿ ಕೂಡತಾರ. ‘ಯಾರೋ ದೊಡ್ಡವರ ಗಾಡಿ ಇರಬೇಕ್ರಿ’ ಅನ್ನತಾರ. ದೊಡ್ಡವರು ಅದನ್ನು ಮಾರಿ ಕೈತೊಳೆದುಕೊಂಡು ಎಷ್ಟೋ ವರ್ಷವಾಗಿರುತ್ತದೆ. ಈಗಿನ ಧಣಿ ನಮ್ಮ ನಿಮ್ಮಂಥ ಅಂಗಡಿಕಾರನೇ.

ಇಂಥ ಕಾರು ಇಂದು ಹೊಸ ಸಣ್ಣ ಕಾರಿಗಿಂತ ಕಡಿಮೆ ದುಡ್ಡಿಗೆ ಸಿಗುತ್ತದೆ. 1995ರಲ್ಲಿ ಪುಣೆಯಲ್ಲಿ ಬೆಂಜ್ ತಯಾರಿಕೆ ಶುರುವಾದಾಗ ಅದು ಲಕ್ಷಾಧೀಶರ ಸೊತ್ತು. 2002ಕ್ಕೆ ನಿಂತುಹೋದ ಕಾಂಟೆಸಾ ಕೂಡ ತನ್ನ ಕಾಲಕ್ಕೆ ದೊಡ್ಡಸ್ತಿಕೆಯ ಗಾಡಿಯೇ. ಇವುಗಳ ಬೆಲೆ ವರ್ಷವರ್ಷಕ್ಕೂ ಇಳಿಯಿತು, ಸರಿ. ಆದರೆ ಬಿಡಿಭಾಗದ ಬೆಲೆ ಇಳಿದಿದೆಯೇ? ಇಲ್ಲ. ಮೂವತ್ತು ಲಕ್ಷದ ಕಾರು ಮೂರು ಲಕ್ಷಕ್ಕೆ ಬಂದರೂ ಅದರ ಪಂಪು, ಶಾಕ್ ಅಬ್ಸಾರ್ಬರ್, ಹೆಡ್‌ಲೈಟು ಇವೆಲ್ಲ ಮೂವತ್ತು ಲಕ್ಷದ ಕಾರಿನವೇ. ಕೊಳ್ಳುವಾಗ ಈ ಲೆಕ್ಕ ಯಾರೂ ಹಾಕುವುದಿಲ್ಲ. ಕಾರಿಗೆ ಕೊಟ್ಟಷ್ಟೇ ಹಣವನ್ನು ದುರಸ್ತಿಗೆಂದು ಬೇರೆ ತೆಗೆದಿಡಲಾರದವರು ಆ ಕಡೆ ಹಾಯಬಾರದು ಎಂಬುದೇ ನಮ್ಮ ಖಚಿತ ಅಭಿಪ್ರಾಯ.

ಹಾಗಂತ ಹಳೇ ಕಾರು ಕೆಟ್ಟದ್ದಲ್ಲ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೇ ಕಾರುಗಳ ಸಂಗ್ರಹ ನೋಡೇ ಇರುತ್ತೀರಿ. ಕಬ್ಬಿಣ ಎಂಬುದು ಆರೈಕೆ ಇದ್ದರೆ ಮನುಷ್ಯನಿಗಿಂತ ಹೆಚ್ಚು ಬಾಳುತ್ತದೆ. ನಮ್ಮಲ್ಲಿ ಕೆಡಿಸುವುದು ವಯಸ್ಸಲ್ಲ, ನೀರು! ರೇಡಿಯೇಟರಿಗೆ ಬೋರಿನ ಗಡಸು ನೀರು ಸುರಿಯುತ್ತೇವೆ. ಅದರ ಸುಣ್ಣ ಸಣ್ಣ ನಳಿಗೆಗಳಲ್ಲಿ ಕಟ್ಟಿಕೊಂಡು ನೀರು ಹರಿಯುವುದು ನಿಲ್ಲುತ್ತದೆ. ಈ ಕಾರುಗಳ ಇಂಜಿನ್ನಿನ ಕೆಳಭಾಗ ಬೀಡುಕಬ್ಬಿಣ, ಮೇಲಿನ ಹೆಡ್ಡು ಅಲ್ಯುಮಿನಿಯಂ. ಒಮ್ಮೆ ಅತಿಯಾಗಿ ಕಾದರೆ ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಇಂಜಿನ್ ಬಿಚ್ಚಬೇಕಾಗುತ್ತದೆ. ಕೂಲಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ ಹಾಕಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಮಾತು. ಬ್ರೇಕ್ ಆಯಿಲ್ಲೂ ಹಾಗೇ. ಅದು ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅರಬೈಲ್ ಘಟ್ಟ ಇಳಿಯುವಾಗ ಬ್ರೇಕ್ ಕಾದು ಆ ನೀರು ಆವಿಯಾದರೆ ಪೆಡಲು ಪೂರಾ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಪೆಟ್ರೋಲ್ ಕಾರಿನವರಿಗೆ ಇನ್ನೊಂದು ತಾಪತ್ರಯ ಇದೆ. ಈಗ ಪಂಪಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ನಮ್ಮ ಕಬ್ಬು, ಗೋವಿನಜೋಳಕ್ಕೆ ಅದರಿಂದ ಗಿರಾಕಿ ಹುಟ್ಟಿದೆ, ಅದನ್ನು ಬೈಯಲಾರೆವು. ಆದರೆ ಹಳೇ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಇಂಧನದ ಪೈಪು ಮೆತ್ತಗಾಗಿದೆಯೇ, ಬಿರಿದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಲು ದುಡ್ಡು ಬೇಕಾಗಿಲ್ಲ. ಕಾದ ಇಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಏನಾದೀತೆಂದು ಬಿಡಿಸಿ ಹೇಳಬೇಕೇ?

ಇನ್ನು ಮೇಸ್ತ್ರಿಗಳ ಮಾತು. ಅಂಬಾಸಿಡರ್, ಲಾರಿ ಬಿಚ್ಚಿ ಜೋಡಿಸಿ ಕಲಿತ ಕೈಗಳು ನಮ್ಮ ಕಡೆ ಈಗಲೂ ಇವೆ. ಇಂಜಿನ್ನಿನ ಸಪ್ಪಳ ಕೇಳಿಯೇ ರೋಗ ಹೇಳುತ್ತಾರೆ. ಆದರೆ ಈ ಕಾರುಗಳಲ್ಲಿ ತಂತಿ, ಸೆನ್ಸರುಗಳ ಕಾರುಬಾರು ಹೆಚ್ಚು. ಅದಕ್ಕೆ ಸ್ಕ್ಯಾನರ್ ಬೇಕು, ಅದನ್ನು ಓದಲು ಬರಬೇಕು. ಜಿಲ್ಲೆಯ ಐ.ಟಿ.ಐ.ಗಳು ದುಡಿಯುತ್ತಿರುವ ಮೇಸ್ತ್ರಿಗಳಿಗೂ ಸಂಜೆ ಹೊತ್ತು ಇದನ್ನು ಕಲಿಸಬೇಕು. ಕಾರಿನ ಧಣಿಗಳೂ ಒಂದು ಮಾತು ಕೇಳಲಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸಾಮಾನು ತರಿಸುವಾಗ ರೊಕ್ಕ ಮುಂಗಡ ಎಣಿಸಿಕೊಡುತ್ತೀರಿ. ನಿಮ್ಮ ಗಾಡಿಯ ಅಡಿಗೆ ಮಲಗಿ ಎಣ್ಣೆ ಕುಡಿದ ಮೇಸ್ತ್ರಿಗೆ ಮಾತ್ರ ‘ಮುಂದಿನ ತಿಂಗಳು ನೋಡೋಣು’. ಉದ್ರಿಯ ಕಷ್ಟ ಏನೆಂದು ಅಂಗಡಿಕಾರರಿಗೆ ನಾವು ಕಲಿಸಬೇಕಿಲ್ಲ.

ಸರ್ಕಾರದ ನಡೆಯೂ ನಮಗೆ ಒಪ್ಪಿಗೆಯಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ ಅದನ್ನು 10,000 ಮಾಡಿದರು. ವಯಸ್ಸಿಗೆ ದಂಡ! ಚೊಕ್ಕಟವಾಗಿ ಇಟ್ಟವನಿಗೂ ಅಷ್ಟೇ, ಗುಜರಿ ಓಡಿಸುವವನಿಗೂ ಅಷ್ಟೇ. ಬ್ರೇಕ್, ಹೊಗೆ, ಟೈರು ನಿಜಕ್ಕೂ ತಪಾಸಣೆಯಾಗಲಿ, ಪಾಸಾದ ಗಾಡಿಗೆ ಶುಲ್ಕ ಇಳಿಯಲಿ.

ಅಲ್ಲಿಯವರೆಗೆ, ನವೀಕರಣಕ್ಕೆ ಹಾವೇರಿಗೆ ಹೊರಟವರು ಟೈರಿನ ಪಕ್ಕದಲ್ಲಿರುವ ಕೊನೆಯ ನಾಲ್ಕು ಅಂಕಿ ಓದಿಕೊಳ್ಳಲಿ. 2214 ಅಂದರೆ 2014ನೇ ಇಸವಿಯ 22ನೇ ವಾರ ತಯಾರಾದದ್ದು. ಅಂಥ ಟೈರಿನ ಮೇಲೆ ಗೀರು ಎಷ್ಟೇ ಆಳ ಇರಲಿ, ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಹೆದ್ದಾರಿಗೆ ಹತ್ತುವ ಮೊದಲೇ ಬಿಚ್ಚಿಸಿರಿ.