ಬಲೆ ಬೀಸುವವರ ಧರ್ಮ

ಮದುವೆಯ ಮನೆಯಿಂದ ಹೊರಡುವ ಅವಸರದಲ್ಲಿ ಒಬ್ಬರು ತಮ್ಮದೆಂದೇ ನಂಬಿ ಇನ್ನೊಬ್ಬರ ಕೊಡೆಯನ್ನು ಎತ್ತಿಕೊಂಡು ಹೋಗುತ್ತಾರೆ. ಇದು ಕಳವೇ? ಅಲ್ಲವೆಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಪರರ ಸೊತ್ತನ್ನು ಅಪ್ರಾಮಾಣಿಕ ಉದ್ದೇಶದಿಂದ ತೆಗೆದುಕೊಂಡರೆ ಮಾತ್ರ ಕಳವು. 1860ರ ದಂಡ ಸಂಹಿತೆಯಲ್ಲಿದ್ದ ಈ ತತ್ತ್ವವು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉಳಿದಿದೆ. ಕೈ ಮಾಡಿದ್ದನ್ನು ದಂಡಿಸುವ ಮೊದಲು ಮನಸ್ಸು ಬಯಸಿದ್ದನ್ನು ವಿಚಾರಿಸಬೇಕು. ನ್ಯಾಯಶಾಸ್ತ್ರಜ್ಞರು ಇದನ್ನು ಲ್ಯಾಟಿನ್ ಭಾಷೆಯಲ್ಲಿ ‘ಮೆನ್ಸ್ ರಿಯಾ’ ಎನ್ನುತ್ತಾರೆ. ನಾವು ಅಪರಾಧಸಂಕಲ್ಪ ಎನ್ನಬಹುದು.

ಸಂಕಲ್ಪವು ಕಣ್ಣಿಗೆ ಕಾಣುವ ವಸ್ತುವಲ್ಲ. ಗುಟ್ಟಾಗಿ ನಡೆಯುವ ಲಂಚದ ವ್ಯವಹಾರದಲ್ಲಿ ಅದನ್ನು ಬಯಲಿಗೆಳೆಯಲೆಂದೇ ಬಲೆ ಬೀಸುವ ಕ್ರಮವು ಬೆಳೆದುಬಂದಿತು. ನಮ್ಮ ರಾಜ್ಯದ ಲೋಕಾಯುಕ್ತ ಪೊಲೀಸರ ಇಂಥ ದಾಳಿಗಳ ಸುದ್ದಿಯನ್ನು ವಾಚಕರು ಆಗಾಗ ಓದಿರುತ್ತಾರೆ. ಅಧಿಕಾರಿಯೊಬ್ಬರು ಲಂಚ ಕೇಳಿದರೆಂದು ದೂರು ಬಂದ ಮೇಲೆ, ಪಂಚರ ಸಮಕ್ಷಮದಲ್ಲಿ ನೋಟುಗಳ ಸಂಖ್ಯೆಗಳನ್ನು ಬರೆದುಕೊಂಡು, ಅವುಗಳಿಗೆ ಫಿನಾಫ್ಥಲೀನ್ ಪುಡಿಯನ್ನು ಸವರುತ್ತಾರೆ. ಕೇಳಿದರೆ ಮಾತ್ರ ಕೊಡತಕ್ಕದ್ದೆಂದು ದೂರುದಾರನಿಗೆ ತಿಳಿಸಿರುತ್ತಾರೆ. ಹಣ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ತೊಳೆಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಆ ಬಣ್ಣವು ಕೈಯ ಸಂಗತಿಯನ್ನಷ್ಟೇ ಹೇಳಬಲ್ಲದು. ಬಲವಂತದಿಂದ ಅಂಗೈಗೆ ತುರುಕಿದ ನೋಟೂ ಅದೇ ಬಣ್ಣವನ್ನು ಬಿಡುತ್ತದೆ. ಆದಕಾರಣ ಲಂಚದ ಬೇಡಿಕೆ ಮತ್ತು ಸ್ವೀಕಾರ ಇವೆರಡೂ ಸಿದ್ಧವಾಗಲೇಬೇಕೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2022ರ ಡಿಸೆಂಬರ್ 15ರಂದು ಹೇಳಿತು. ಆ ತೀರ್ಪನ್ನು ಬರೆದವರು ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು.

ಬಲೆ ಬೀಸಿದವನೇ ದುರಾಸೆಯನ್ನೂ ಬಿತ್ತಿದರೆ ಗತಿಯೇನು? ಅಮೆರಿಕದಲ್ಲಿ ಪಾನನಿಷೇಧವಿದ್ದ ಕಾಲದ ಒಂದು ಮೊಕದ್ದಮೆಯು ಇಲ್ಲಿ ಸ್ಮರಣೀಯ. ಉತ್ತರ ಕೆರೊಲಿನಾದಲ್ಲಿ ಸರ್ಕಾರಿ ಅಧಿಕಾರಿಯೊಬ್ಬನು ಪ್ರವಾಸಿಯ ಸೋಗಿನಲ್ಲಿ ಸೊರೆಲ್ಸ್ ಎಂಬವನ ಮನೆಗೆ ಹೋಗಿ ಮದ್ಯ ಬೇಕೆಂದನು. ಇಲ್ಲವೆಂದು ಉತ್ತರ ಬಂದಿತು. ಮತ್ತೊಮ್ಮೆ ಕೇಳಿದರೂ ಫಲವಾಗಲಿಲ್ಲ. ಇಬ್ಬರೂ ಮೊದಲನೆಯ ಮಹಾಯುದ್ಧದಲ್ಲಿ ಒಂದೇ ಸೇನಾವಿಭಾಗದಲ್ಲಿದ್ದವರೆಂದು ತಿಳಿದಾಗ ಯುದ್ಧಕಾಲದ ನೆನಪುಗಳು ಹೊರಬಂದವು. ಆ ಸಲುಗೆಯಲ್ಲಿ ಪುನಃ ಬೇಡಿದಾಗ ಸೊರೆಲ್ಸ್ ಹೊರಗೆ ಹೋಗಿ ಅರ್ಧ ಗ್ಯಾಲನ್ ವಿಸ್ಕಿಯನ್ನು ತಂದು 5 ಡಾಲರಿಗೆ ಕೊಟ್ಟನು; ಅಪರಾಧಿಯೂ ಆದನು. 1932ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ರದ್ದುಪಡಿಸಿತು. ಅಪರಾಧವನ್ನು ತಡೆಯಬೇಕಾದ ಸರ್ಕಾರವು ಅದನ್ನು ತಾನೇ ಹುಟ್ಟಿಸಿ ದಂಡಿಸಲಾಗದೆಂಬುದು ಅದರ ಸಾರ. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1956ರಲ್ಲಿ, ರಾಮಜನಮ್ ಸಿಂಗ್ ಮೊಕದ್ದಮೆಯಲ್ಲಿ, ಕೆಡುಕಿಗೆ ಹೊರಟು ನಿಂತವನನ್ನು ಹಿಡಿಯುವುದಕ್ಕೂ, ಬೇಡವೆಂದು ನಿಶ್ಚಯಿಸಿದವನನ್ನು ಹುರಿದುಂಬಿಸಿ ಬೀಳಿಸುವುದಕ್ಕೂ ಇರುವ ಅಂತರವನ್ನು ಎತ್ತಿ ತೋರಿಸಿತು.

ಈ ವಿವೇಕವು ಪೊಲೀಸರಿಗೆ ಮಾತ್ರ ಸಲ್ಲುವುದಲ್ಲ. ಗುಪ್ತ ಕ್ಯಾಮರಾ ಹಿಡಿದು ಕುಟುಕು ಕಾರ್ಯಾಚರಣೆ ನಡೆಸುವ ಪತ್ರಕರ್ತರಿಗೂ ಅದು ಬೇಕು. ಸಂಸತ್ತಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದವರನ್ನು ಇಂಥ ಕಾರ್ಯಾಚರಣೆಯು ಬಯಲುಮಾಡಿದ್ದರಿಂದ 2005ರ ಡಿಸೆಂಬರಿನಲ್ಲಿ 11 ಮಂದಿ ಸದಸ್ಯರು ಉಚ್ಚಾಟಿತರಾದರು. ಇದು ಲೋಕೋಪಕಾರವೇ ಸರಿ. ಆದರೆ 2007ರಲ್ಲಿ ದೆಹಲಿಯ ಶಾಲಾ ಶಿಕ್ಷಕಿಯೊಬ್ಬರ ಮೇಲೆ ದೂರದರ್ಶನ ವಾಹಿನಿಯೊಂದು ಹೇಯ ಆರೋಪದ ಗುಪ್ತ ಚಿತ್ರಣವನ್ನು ಪ್ರಸಾರ ಮಾಡಿತು. ಉದ್ರಿಕ್ತ ಜನರು ಆಕೆಯ ಮೇಲೆ ಕೈಮಾಡಿದರು. ಆಕೆಯ ಬಂಧನವೂ ಆಯಿತು. ಆ ಚಿತ್ರಣವು ಕಟ್ಟುಕಥೆಯೆಂಬುದು ಅನಂತರವೇ ತಿಳಿದದ್ದು. ಸರ್ಕಾರವು ಆ ವಾಹಿನಿಯ ಪ್ರಸಾರವನ್ನು ಒಂದು ತಿಂಗಳು ತಡೆಹಿಡಿಯಿತು. ಆ ತಾಯಿ ಬೀದಿಯಲ್ಲಿ ಕಳೆದುಕೊಂಡ ಮಾನವನ್ನು ಯಾವ ಆದೇಶವು ತುಂಬಿಕೊಟ್ಟೀತು? ಕುಟುಕು ಕಾರ್ಯಾಚರಣೆ ನಡೆಸಿದವರೆಂಬ ಮಾತ್ರಕ್ಕೆ ಲಂಚ ಕೊಟ್ಟವರಿಗೆ ತಾನಾಗಿಯೇ ವಿನಾಯಿತಿ ದೊರೆಯದು, ಅವರ ಉದ್ದೇಶವೂ ವಿಚಾರಣೆಗೆ ಒಳಪಡಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಹೇಳಿದ್ದು ಉಚಿತವಾಗಿಯೇ ಇದೆ.

ಹಾಗೆಂದು ಆಮಿಷಕ್ಕೆ ಸೋತವನು ನಿರ್ದೋಷಿಯೆಂದು ನಾವು ಹೇಳುತ್ತಿಲ್ಲ. ಕಾನೂನು ಬಿಟ್ಟವನನ್ನೂ ಅವನ ಅಂತಃಸಾಕ್ಷಿಯು ಬಿಡಲಾರದು. ಯಾರೂ ಕಾಣದಿದ್ದಾಗಲೂ ಕೈ ಹಿಂತೆಗೆಯುವುದೇ ನೀತಿ. ಆದರೆ ನೀತಿಯು ಬಿದ್ದವನನ್ನು ಮಾತ್ರ ಪ್ರಶ್ನಿಸಿ ಸುಮ್ಮನಾಗುವುದಿಲ್ಲ, ಬೀಳಿಸಿದವನನ್ನೂ ಪ್ರಶ್ನಿಸುತ್ತದೆ.

ಈ ಮಾತು ಗೃಹಸ್ಥರಿಗೂ ಅನ್ವಯಿಸುತ್ತದೆ. ಮನೆಗೆಲಸದವರ ಪ್ರಾಮಾಣಿಕತೆಯನ್ನು ನೋಡಬೇಕೆಂದು ಹಾಸಿಗೆಯ ಮೇಲೆ ಬೇಕೆಂದೇ ನೋಟನ್ನು ಬಿಟ್ಟು ಬಾಗಿಲ ಮರೆಯಲ್ಲಿ ನಿಲ್ಲುವವರಿದ್ದಾರೆ. ತಿಂಗಳ ಕೊನೆಯ ದಿನಗಳಲ್ಲಿ, ಮಗುವಿನ ಔಷಧಿಗೆ ಹಣವಿಲ್ಲದೆ ಬಂದವಳ ಮುಂದೆ ಇಟ್ಟ ಆ ನೋಟು ಅವಳ ಗುಣವನ್ನು ಅಳೆಯುವುದೋ, ಬಡತನವನ್ನು ಅಳೆಯುವುದೋ? ನಾಳೆ ಮಗನನ್ನೂ ಸೊಸೆಯನ್ನೂ ಹೀಗೆಯೇ ಪರೀಕ್ಷಿಸುವ ಚಪಲ ಹುಟ್ಟೀತು. ಸಂಶಯವಿದ್ದರೆ ಎದುರಿಗೆ ಕುಳ್ಳಿರಿಸಿಕೊಂಡು ಕೇಳಿರಿ. ಹಣವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ. ದುಡಿದವರ ಸಂಬಳವನ್ನು ಸಕಾಲದಲ್ಲಿ ಕೊಡಿರಿ. ಮನೆಯ ಯಜಮಾನನು ಮಾಡಬೇಕಾದುದು ಇಷ್ಟೇ.